ನೀಲಗಿರಿಯ ದಾರಿಗಳು

ಪೂರ್ವಘಟ್ಟವೂ ಪಶ್ಚಿಮಘಟ್ಟವೂ ಒಂದನ್ನೊಂದು ಕೂಡುವ ಎಡೆಯಲ್ಲಿ ನೀಲಗಿರಿಯು ನಿಂತಿರುವುದು. ಅದರ ಉತ್ತರದ ತಪ್ಪಲು ಗುಂಡ್ಲುಪೇಟೆ ಬಂಡೀಪುರಗಳ ಕಡೆಗೂ, ಆಗ್ನೇಯದ ತಪ್ಪಲು ಕೊಯಮತ್ತೂರಿನ ಬಯಲಿಗೂ, ಪಡುವಣ ತಪ್ಪಲು ಮಲೆಯಾಳ ದೇಶಕ್ಕೂ ಇಳಿಯುವುದು. ಶಿಖರಗಳಲ್ಲೆಲ್ಲ ಉನ್ನತವಾದುದು 2,637 ಮೀಟರು ಎತ್ತರವುಳ್ಳದ್ದು. ಅದಕ್ಕೆ ದೊಡ್ಡಬೆಟ್ಟವೆಂಬ ಅಚ್ಚಗನ್ನಡದ ಹೆಸರೇ ಇಂದಿಗೂ ನಿಂತಿದೆ. ಈ ಗಿರಿಯ ಮೇಲಿರುವ ಉದಕಮಂಡಲವು ಬೇಸಗೆಯ ಬೇಗೆಯಲ್ಲಿ ಬಯಲುಸೀಮೆಯವರಿಗೆ ತಂಪನ್ನೀಯುವ ತಾಣವೆಂಬುದು ಸರ್ವರಿಗೂ ತಿಳಿದ ವಿಷಯ. ಆದರೆ ಪ್ರತಿವರ್ಷವೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ತಂಪನ್ನು ಅರಸಿ ಹೊರಟವರು ಘಟ್ಟದ ದಾರಿಯಲ್ಲಿಯೇ ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು ಬಿಸಿಲನ್ನೇ ಉಣ್ಣುವುದೂ ಅಷ್ಟೇ ಪ್ರಸಿದ್ಧವಾಗಿದೆ. ದಾರಿಯನ್ನು ಅಗಲಿಸಬೇಕೆಂದು ಕೆಲವರು, ರೈಲುಗಳನ್ನು ಹೆಚ್ಚಿಸಬೇಕೆಂದು ಕೆಲವರು, ಬಸ್ಸುಗಳನ್ನು ಹೆಚ್ಚಿಸಿದರೆ ಸಾಕೆಂದು ಮತ್ತೆ ಕೆಲವರು ಹೇಳುವುದುಂಟು. ಈ ಮಾತುಗಳಲ್ಲಿ ಹುರುಳೆಷ್ಟೆಂಬುದು ಬೆಟ್ಟದ ದಾರಿಗಳ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ತಿಳಿಯುವುದು.

ನೀಲಗಿರಿಯ ಹೆಸರು ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುವುದು ಕನ್ನಡನಾಡಿನ ಶಾಸನದಲ್ಲಿಯೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂಬ ಸಂಗತಿಯು ಚಾಮರಾಜನಗರದ 1117ನೆಯ ಇಸವಿಯ ಶಾಸನದಿಂದ ತಿಳಿದುಬರುವುದು. ಆ ಕಾಲದಲ್ಲಿ ಬೆಟ್ಟವನ್ನು ಹತ್ತುವುದೆಂದರೆ ದಂಡಯಾತ್ರೆಯಷ್ಟು ದೊಡ್ಡ ಕಾರ್ಯ. ಅನಂತರ ವಿಜಯನಗರದ ಪತನವಾದ ಮೇಲೆ ಮೈಸೂರು ಸೀಮೆಯಿಂದ ಬಡಗರು ಬೆಟ್ಟವನ್ನೇರಿ ನೆಲೆಸಿದರೆಂದು ಅವರಲ್ಲಿ ಐತಿಹ್ಯವಿದೆ. ಬಡಗಣಿಂದ ಬಂದವರಾದುದರಿಂದಲೇ ಅವರಿಗೆ ಆ ಹೆಸರು. ಅವರ ನುಡಿಯು ಕನ್ನಡಕ್ಕೆ ಅತಿ ಸಮೀಪದ್ದು. ಅವರ ಊರುಗಳಿಗೆ ಹಟ್ಟಿಗಳೆಂದೇ ಹೆಸರು. ಎಮ್ಮೆಗಳನ್ನು ಕಾಯುವ ತೊದವರು, ಕಮ್ಮಾರಿಕೆ ಕುಂಬಾರಿಕೆಗಳನ್ನು ಬಲ್ಲ ಕೋತರು, ಬೇಸಾಯಗಾರರಾದ ಬಡಗರು, ಕಾಡನ್ನೇ ನಂಬಿದ ಕುರುಂಬರು, ಇರುಳರು ಇವರೆಲ್ಲರೂ ಕಾಲ್ದಾರಿಗಳಿಂದಲೇ ಶತಮಾನಗಳನ್ನು ಕಳೆದರು. 1603ನೆಯ ಇಸವಿಯಲ್ಲಿ ಫೆನಿಸಿಯೊ ಎಂಬ ಕ್ರೈಸ್ತ ಪಾದ್ರಿಯು ಮಲೆಯಾಳದ ಕಡೆಯಿಂದ ಬೆಟ್ಟವನ್ನೇರಿ ಬಂದನು. ಅವನ ತರುವಾಯ ಎರಡು ಶತಮಾನಗಳ ಕಾಲ ಐರೋಪ್ಯರು ಅತ್ತ ಸುಳಿದದ್ದು ವಿರಳ. ಕಾಲ್ದಾರಿಯ ಗುಣವೇ ಅಂತಹುದು. ಹತ್ತುವವನ ಕಾಲಿನ ಕಸುವೇ ಜನಸಂಖ್ಯೆಗೆ ಕಟ್ಟಳೆ ಹಾಕುತ್ತಿದ್ದಿತು. ಬೇರೆ ಕಾವಲು ಬೇಕಾಗಿರಲಿಲ್ಲ.

1799ನೆಯ ಇಸವಿಯಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನೀಲಗಿರಿಯು ಕೊಯಮತ್ತೂರು ಸೀಮೆಯೊಡನೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ನನು 1819ರ ಜನವರಿಯಲ್ಲಿ ಬೆಟ್ಟವನ್ನೇರಿ, ಅಲ್ಲಿಯ ಹವೆಗೆ ಮನಸೋತು, ಐರೋಪ್ಯರ ಆರೋಗ್ಯಕ್ಕೆ ಇದಕ್ಕಿಂತ ಉತ್ತಮವಾದ ಸ್ಥಳವಿಲ್ಲವೆಂದು ಮದರಾಸಿನ ಸರಕಾರಕ್ಕೆ ಪದೇಪದೇ ಬರೆದನು. 1821ರಲ್ಲಿ ಮ್ಯಾಕ್‌ಫರ್ಸನ್ ಎಂಬ ಸೈನ್ಯಾಧಿಕಾರಿಯು ದಾರಿಯ ಕೆಲಸವನ್ನು ಆರಂಭಿಸಿ, ಭವಾನಿ ನದಿಯ ಬಳಿಯ ಸಿರುಮುಗೈಯಿಂದ ಕೋಟಗಿರಿಯ ಸಮೀಪದ ದಿಂಹಟ್ಟಿಯವರೆಗೆ 1823ರ ಹೊತ್ತಿಗೆ ಮುಗಿಸಿದನು. ನೀಲಗಿರಿಗೆ ಮಾಡಿದ ಮೊದಲನೆಯ ಕಟ್ಟುದಾರಿಯೇ ಇದು. ಅದೇ ಕಾಲದಲ್ಲಿ ಸಲಿವನ್ನನು ಉದಕಮಂಡಲದಲ್ಲಿ ಕಲ್ಲುಮನೆಯನ್ನು ಕಟ್ಟಿಸಿ, ಹಳ್ಳಕ್ಕೆ ಒಡ್ಡುಹಾಕಿಸಿ ಕೆರೆಯನ್ನು ನಿರ್ಮಿಸಿದನು. ಊರನ್ನು ಕಟ್ಟಿದ ಇವನೇ ಬೆಟ್ಟದ ಭೂಮಿಯ ಮೇಲೆ ತೊದವರಿಗಿದ್ದ ಹಕ್ಕನ್ನು ಸರಕಾರವು ಮನ್ನಿಸಬೇಕೆಂದು ವಾದಿಸಿದವನೂ ಹೌದೆಂಬುದನ್ನು ಮರೆಯಲಾಗದು.

ಕೋಟಗಿರಿಯ ದಾರಿಯು ಸುತ್ತುಬಳಸಿನದೆಂದು ತೋರಲು 1830ರಿಂದ 1832ರೊಳಗೆ ಕುನ್ನೂರು ಘಾಟಿಯನ್ನು ತೆರೆದರು. ಮೈಸೂರಿನ ಕಡೆಗೆ ಇಳಿಯಲು ಸೀಗೂರು ಘಾಟಿಯೂ ಅದೇ ದಶಕದಲ್ಲಿ ಸಿದ್ಧವಾಯಿತು. ಕೂಡಲೂರಿನ ಘಾಟಿಯು ತರುವಾಯ ಸುಧಾರಿಸಿತು. ದೊರೆಸಾನಿಯರು ಮೇನೆ ಡೋಲಿಗಳಲ್ಲಿ ಬೋಯಿಗಳ ಹೆಗಲೇರಿ ಬಂದರು. ಗಂಟುಮೂಟೆಗಳು ಎತ್ತಿನ ಗಾಡಿಗಳಲ್ಲಿ ಬಂದವು. ಮುಂದೆ ಟಾಂಗಾಗಳು ಓಡಾಡತೊಡಗಿದವು. 1848ರಲ್ಲಿ ಸಸ್ಯೋದ್ಯಾನವು ರೂಪುಗೊಂಡಿತು. 1870ರಿಂದ ಮದರಾಸು ಸರಕಾರವೇ ಕಡತಗಳನ್ನು ಕಟ್ಟಿಕೊಂಡು ಪ್ರತಿ ಬೇಸಗೆಯಲ್ಲಿಯೂ ಉದಕಮಂಡಲಕ್ಕೆ ವಲಸೆಹೋಗತೊಡಗಿತು. ಮೈಸೂರು ಮಹಾರಾಜರ ಬೇಸಗೆಯ ಬಿಡಾರವು ಅಲ್ಲಿಯ ಫರ್ನ್‌ಹಿಲ್ ಅರಮನೆಯಾಗಿದ್ದಿತು. ವರ್ಷದ ಕೆಲವೇ ತಿಂಗಳುಗಳಲ್ಲಿ ಊರು ತುಂಬುವುದು, ಮಿಕ್ಕ ತಿಂಗಳುಗಳಲ್ಲಿ ಬರಿದಾಗುವುದು ಎಂಬ ವಾಡಿಕೆಯು ಹೀಗೆ ಸರಕಾರದ ಕೈಯಿಂದಲೇ ನೆಲೆಗೊಂಡಿತು. ‘ಸೀಸನ್’ ಎಂಬ ಮಾತು ಬೆಟ್ಟದ ಕೂಲಿಯಾಳಿನ ಬಾಯಲ್ಲಿಯೂ ಓಡಾಡುವಂತಾದುದು ಈ ವಲಸೆಯ ಫಲ. ದಾರಿಯಾದ ಮೇಲೆ ಜನ ಬಂದರು. ಜನ ಬಂದುದರಿಂದ ದಾರಿ ಸಾಲದಾಯಿತು. ಇನ್ನು ಮುಂದಿನ ಚರಿತ್ರೆಯೆಲ್ಲ ಈ ಒಂದು ವಾಕ್ಯದ ವ್ಯಾಖ್ಯಾನವೆಂದರೂ ಸಲ್ಲುವುದು.

ರೈಲುದಾರಿಯ ಯೋಚನೆಯು 1854ರಷ್ಟು ಹಿಂದೆಯೇ ಹುಟ್ಟಿದ್ದಿತು. ಬಯಲಿನ ರೈಲು 1873ರಲ್ಲಿ ಬೆಟ್ಟದ ಬುಡದ ಮೇಟ್ಟುಪಾಳೆಯಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಹತ್ತುವ ಬಗೆ ಮಾತ್ರ ತಿಳಿಯದಾಯಿತು. ಸ್ವಿಟ್ಸರ್ಲೆಂಡಿನಲ್ಲಿ ರೀಗಿ ಪರ್ವತದ ರೈಲನ್ನು ಕಟ್ಟಿ ಖ್ಯಾತನಾಗಿದ್ದ ರಿಗ್ಗೆನ್‌ಬಾಖ್ ಎಂಬ ಶಿಲ್ಪಿಯು 1882ರಲ್ಲಿ ಬಂದು ಸ್ಥಳವನ್ನು ನೋಡಿ ಯೋಜನೆಯನ್ನು ಕೊಟ್ಟನು. 1891ರಲ್ಲಿ ಕೆಲಸವು ಮೊದಲಾಯಿತು. ಹಣವಿಲ್ಲದೆ ಆ ಕಂಪೆನಿಯು 1894ರಲ್ಲಿ ಮುಳುಗಿತು. ಬೇರೊಂದು ಕಂಪೆನಿಯು ಕೆಲಸವನ್ನು ಕೈಗೊಂಡು 1899ರಲ್ಲಿ ಕುನ್ನೂರಿನವರೆಗೆ ರೈಲನ್ನು ಹತ್ತಿಸಿತು. ಉದಕಮಂಡಲವನ್ನು ಅದು ಮುಟ್ಟಿದುದು 1908ರಲ್ಲಿ. ಒಟ್ಟು ದೂರ ಸುಮಾರು 46 ಕಿಲೋಮೀಟರು; 16 ಸುರಂಗಗಳು, 250 ಸೇತುವೆಗಳು, 208 ತಿರುವುಗಳು.

ಈ ಧೂಮಶಕಟದ ರಚನೆಯನ್ನು ಸ್ವಲ್ಪ ವಿವರವಾಗಿ ಅರಿಯುವುದು ಅವಶ್ಯ. ಏಕೆಂದರೆ ಅದರ ಶಕ್ತಿಯೂ ಮಿತಿಯೂ ಒಂದೇ ಕಡೆ ಇವೆ. ಸಾಮಾನ್ಯವಾದ ರೈಲಿನಲ್ಲಿ ನುಣುಪಾದ ಗಾಲಿಯು ನುಣುಪಾದ ಕಂಬಿಯನ್ನು ತನ್ನ ಭಾರದಿಂದಲೇ ಹಿಡಿದು ಸಾಗುವುದು. ಕಲ್ಲಾರಿನಿಂದ ಕುನ್ನೂರಿನವರೆಗಿನ ಘಟ್ಟದಲ್ಲಿ ಏರು ಎಷ್ಟು ಕಡಿದೆಂದರೆ, ಹನ್ನೆರಡು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದಡಿ ಮೇಲೇರಬೇಕು. ಅಲ್ಲಿ ಗಾಲಿಯ ಹಿಡಿತವು ಸಾಲದು. ಆದುದರಿಂದ ಎರಡು ಕಂಬಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಜೋಡಿ ಪಟ್ಟಿಯನ್ನು ಹಾಸಿದ್ದಾರೆ. ಒಂದು ಪಟ್ಟಿಯ ಹಲ್ಲು ಇರುವೆಡೆಯಲ್ಲಿ ಮತ್ತೊಂದರ ಸಂದು ಬರುವಂತೆ ಅವನ್ನು ಜೋಡಿಸಿರುವುದರಿಂದ ಯಂತ್ರದ ಅಡಿಯ ಹಲ್ಲುಚಕ್ರವು ಯಾವ ಕ್ಷಣದಲ್ಲಿಯೂ ಹಿಡಿತವನ್ನು ಬಿಡುವುದಿಲ್ಲ. ಯಂತ್ರವು ಡಬ್ಬಿಗಳ ಮುಂದೆ ನಿಂತು ಎಳೆಯುವುದಿಲ್ಲ. ಇಳಿಜಾರಿನ ಕಡೆ ಹಿಂದೆ ನಿಂತು ಮೇಲಕ್ಕೆ ನೂಕುವುದು. ಕಡಿದಾದ ಈ ಭಾಗದಲ್ಲಿ ವೇಗವು ಗಂಟೆಗೆ 13 ಕಿಲೋಮೀಟರನ್ನು ಮೀರುವಂತಿಲ್ಲ. ನಡುನಡುವೆ ನಿಂತು ನೀರನ್ನು ತುಂಬಿಕೊಳ್ಳಬೇಕು. ಮೇಟ್ಟುಪಾಳೆಯದಿಂದ ಉದಕಮಂಡಲಕ್ಕೆ ಏರಲು ಸುಮಾರು ಐದು ಗಂಟೆಗಳ ಕಾಲ ಹಿಡಿಯುವುದು.

ಇಂತಹ ದಾರಿಯಲ್ಲಿ ಡಬ್ಬಿಗಳನ್ನು ಹೆಚ್ಚಿಸುವಂತಿಲ್ಲ. ನೂಕುವ ಯಂತ್ರದ ಬಲಕ್ಕೆ ಮಿತಿಯುಂಟು. ಗಾಡಿಗಳ ಸಂಖ್ಯೆಯನ್ನೂ ಮನಸ್ವೀ ಹೆಚ್ಚಿಸುವಂತಿಲ್ಲ. ಒಂದೇ ಜೋಡಿ ಕಂಬಿಯ ಮೇಲೆ ಏರುವುದೂ ಇಳಿಯುವುದೂ ಆಗಬೇಕು, ಒಂದನ್ನೊಂದು ದಾಟಲು ನಿಲ್ದಾಣಗಳು ಕೆಲವೇ. ಯಂತ್ರಗಳನ್ನು ಬೇರೆಡೆಯಿಂದ ತರಿಸೋಣವೆಂದರೆ ಈ ದಾರಿಗೆ ಒಗ್ಗುವ ಯಂತ್ರವು ದೇಶದ ಮತ್ತಾವ ದಾರಿಯಲ್ಲಿಯೂ ಇಲ್ಲ. ಮೊದಲು ಸ್ವಿಟ್ಸರ್ಲೆಂಡಿನಿಂದ ಬರುತ್ತಿದ್ದ ಅವನ್ನು ಈಚೆಗೆ ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ವಿಶೇಷವಾಗಿ ತಯಾರಿಸಬೇಕಾಯಿತು. ಮಳೆಗಾಲದಲ್ಲಿ ಬೆಟ್ಟವು ಕುಸಿದರೆ ಸಂಚಾರವೇ ನಿಲ್ಲುವುದು. 2009ರ ನವೆಂಬರಿನ ಮಹಾವೃಷ್ಟಿಯಲ್ಲಿ ಹಲವರ ಪ್ರಾಣಗಳು ಹೋದುದಲ್ಲದೆ ರೈಲುದಾರಿಯೂ ಕೊಚ್ಚಿಹೋಗಿ ಬಹುಕಾಲ ನಿಂತಿತು. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಗೌರವದಿಂದ ರೈಲು ತಾನೇ ಒಂದು ನೋಟವಾಯಿತು. ಜನರು ಬೆಟ್ಟಕ್ಕೆ ಹೋಗಲು ರೈಲನ್ನು ಹತ್ತುವ ಬದಲು ರೈಲನ್ನು ಹತ್ತಲೆಂದೇ ಬೆಟ್ಟಕ್ಕೆ ಬರತೊಡಗಿದರು. ಸೀಸನ್ನಿನಲ್ಲಿ ವಿಶೇಷ ಗಾಡಿಗಳನ್ನು ಬಿಟ್ಟರೂ ಒಂದೊಂದರಲ್ಲಿ ಕೆಲವು ನೂರು ಜನರಷ್ಟೇ ಹಿಡಿಸುವರು. ಸಾವಿರ ಸಾವಿರವಾಗಿ ಬರುವ ಸಂದಣಿಗೆ ಇದು ಸಮುದ್ರಕ್ಕೆ ಬಿಂದಿಗೆಯಿಟ್ಟಂತೆ.

ಮೋಟಾರಿನ ಕಾಲವು ಬಂದುದು ಸದ್ದಿಲ್ಲದೆ. ಎತ್ತಿನ ಗಾಡಿಗೂ ಟಾಂಗಾಕ್ಕೂ ಬಿಡಿಸಿದ್ದ ಜಾಡಿನ ಮೇಲೆಯೇ ಟಾರು ಹಾಕಿ, ತಿರುವುಗಳನ್ನು ಅಲ್ಪಸ್ವಲ್ಪ ಹಿಗ್ಗಿಸಿದರು. ಸೀಗೂರಿನ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು ಇಂದಿಗೂ ಇವೆ. ಸ್ವಾತಂತ್ರ್ಯಾನಂತರ ದೊರೆಗಳ ಬೆಟ್ಟವು ಪ್ರಜೆಗಳ ಬೆಟ್ಟವಾಯಿತು. ಮೈಸೂರಿನ ಗುಮಾಸ್ತನೂ ಕೊಯಮತ್ತೂರಿನ ಗಿರಣಿಯ ಕೂಲಿಯೂ ಬಸ್ಸಿಗೆ ಚೀಟಿ ಕೊಂಡು ಮಕ್ಕಳೊಡನೆ ಫಲಪುಷ್ಪ ಪ್ರದರ್ಶನವನ್ನು ನೋಡಿಬರುವಂತಾದುದು ಸಣ್ಣ ಲಾಭವಲ್ಲ. ಸಂಕಟವು ಮೊದಲಾದುದು ಬಸ್ಸಿನಿಂದಲ್ಲ, ಮನೆಮನೆಗೂ ಕಾರು ಬಂದುದರಿಂದ. 2023ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಹೆದ್ದಾರಿಯು ತೆರೆದ ಮೇಲೆ ರಾಜಧಾನಿಯಿಂದ ಹೊರಟವರು ಬೆಟ್ಟದ ಬುಡವನ್ನು ಇನ್ನೂ ಬೇಗ ಸೇರಬಲ್ಲರು. ಬುಡದಿಂದ ಮೇಲಕ್ಕೆ ಹೋಗುವ ದಾರಿಯು ಮಾತ್ರ ಇದ್ದ ಹಾಗೆಯೇ ಇದೆ. ಅಗಲವಾದ ಕಾಲುವೆಯನ್ನು ಕಿರಿದಾದ ತೂಬಿಗೆ ತಂದು ಕೂಡಿಸಿದರೆ ತೂಬಿನ ಮುಂದೆ ನೀರು ನಿಲ್ಲದೆ ಗತ್ಯಂತರವೇನು? ದಸರೆಯ ರಜೆಯಲ್ಲಿ ಬರುವ ಎರಡನೆಯ ಸೀಸನ್ನಿನಲ್ಲಿಯೂ ಇದೇ ಪಾಡು.

ಹಾಗಾದರೆ ಬಸ್ಸುಗಳನ್ನು ಹೆಚ್ಚಿಸಬಾರದೇ ಎಂದು ಕೇಳಬಹುದು. ಹೆಚ್ಚಿಸಬೇಕಾದುದೇ, ಆದರೆ ಅದಕ್ಕೆ ಮೂರು ಅಡ್ಡಿಗಳುಂಟು. ಮೊದಲನೆಯದು, ಘಟ್ಟದಲ್ಲಿ ಬಸ್ಸಿಗೆ ಬೇರೆ ದಾರಿಯಿಲ್ಲ. ಒಂದು ಕಾರಿನಲ್ಲಿ ನಾಲ್ವರು, ಬಸ್ಸಿನಲ್ಲಿ ನಲವತ್ತು ಮಂದಿ. ಸಾಲಿನಲ್ಲಿ ನಿಂತಾಗ ಇಬ್ಬರಿಗೂ ಒಂದೇ ಗತಿ. ಬಸ್ಸೂ ನಿಲ್ಲುವುದಾದರೆ ಕಾರನ್ನು ಬಿಟ್ಟು ಬಸ್ಸನ್ನೇರಲು ಯಾರಿಗೆ ಮನಸ್ಸು ಬಂದೀತು? ಎರಡನೆಯದು, ಬೆಟ್ಟದ ದಾರಿಗೆ ಗಿಡ್ಡ ಮೈಯ ಬಸ್ಸೂ ಘಾಟಿಯ ಅಭ್ಯಾಸವುಳ್ಳ ಸಾರಥಿಯೂ ಬೇಕು; ಬಯಲಿನಲ್ಲಿ ಓಡುವುದನ್ನು ತಂದು ಎರಡು ತಿಂಗಳ ಮಟ್ಟಿಗೆ ಇಲ್ಲಿ ಹೂಡಲಾಗದು. ಮೂರನೆಯದು ಹಣದ ಲೆಕ್ಕ. ಸೀಸನ್ನಿನ ಸಂದಣಿಗೆ ಸಾಲುವಷ್ಟು ಬಸ್ಸುಗಳನ್ನೂ ಆಳುಗಳನ್ನೂ ಇಟ್ಟುಕೊಂಡರೆ ಮಿಕ್ಕ ಕಾಲದಲ್ಲಿ ಅವು ಬರಿದೇ ನಿಲ್ಲುವುವು. ಇಟ್ಟುಕೊಳ್ಳದಿದ್ದರೆ ಸೀಸನ್ನಿನಲ್ಲಿ ಸಾಲವು. ಋತುವಿನೊಡನೆ ಏರಿಳಿಯುವ ಯಾವ ಊರಿನ ಸಾರಿಗೆಗೂ ಈ ಪೇಚು ತಪ್ಪಿದ್ದಲ್ಲ.

ಅಧಿಕಾರಿಗಳು ಕೈಕಟ್ಟಿ ಕುಳಿತಿಲ್ಲ. ಸೀಸನ್ನಿನ ದಟ್ಟಣೆಯ ದಿನಗಳಲ್ಲಿ ಮೇಟ್ಟುಪಾಳೆಯದಿಂದ ಏರುವ ವಾಹನಗಳನ್ನು ಕುನ್ನೂರಿನ ಮೇಲೆ ಬಿಟ್ಟು, ಇಳಿಯುವುವನ್ನು ಕೋಟಗಿರಿಯ ಮೇಲೆ ಕಳುಹಿಸುವ ಏರ್ಪಾಡು ಇದೆ. 1823ರಲ್ಲಿ ಮ್ಯಾಕ್‌ಫರ್ಸನ್ನನ ದಾರಿ ಮುಟ್ಟಿದ ಕೋಟಗಿರಿಯೇ ಎರಡು ಶತಮಾನಗಳ ಬಳಿಕ ಜನರಿಗೆ ಬಿಡುಗಡೆಯ ಬಾಗಿಲಾಗಿರುವುದು ಚರಿತ್ರೆಯ ವಿನೋದ. ಆದರೆ ಇದ್ದ ದಾರಿಗಳೆಲ್ಲವೂ ಈಗ ತುಂಬಿದವೆಂಬುದಕ್ಕೆ ಇದೇ ಸಾಕ್ಷಿ.

ಈ ದಟ್ಟಣೆಯ ಹೊರೆಯನ್ನು ಹೊರುವವರು ಯಾರೆಂಬುದನ್ನು ಯೋಚಿಸಬೇಕು. ಪ್ರವಾಸಿಗೆ ಅದು ಒಂದು ದಿನದ ಬೇಸರ. 2011ರ ಜನಗಣತಿಯಂತೆ ನೀಲಗಿರಿ ಜಿಲ್ಲೆಯ ನಿವಾಸಿಗಳು 7,35,394. ಅವರಿಗೆ ಅದು ಬಾಳಿನ ಮಾತು. ಬಡಗರ ಹಟ್ಟಿಯಲ್ಲಿ ಬೆಳೆದ ಆಲೂಗಡ್ಡೆ, ಗಜ್ಜರಿ, ಕೋಸುಗಳು ಬಾಡುವ ಮೊದಲು ಮೇಟ್ಟುಪಾಳೆಯದ ಮಂಡಿಯನ್ನು ಸೇರಬೇಕು. ಹೆರಿಗೆಯ ನೋವು ಬಂದವಳನ್ನು ಕೆಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದರೆ ಇರುವುದು ಅದೇ ಘಾಟಿ. ಬಾಯಿಲ್ಲದ ಪ್ರಾಣಿಗಳ ಕಷ್ಟವು ಬೇರೆ. ಬಂಡೀಪುರ, ಮುದುಮಲೆ, ಸೀಗೂರುಗಳ ಕಾಡು ಆನೆಗಳ ಹೆದ್ದಾರಿ; ಮನುಷ್ಯನ ದಾರಿಗಿಂತ ಪುರಾತನವಾದುದು. ಅವುಗಳ ಮೇಲೆ ವಾಹನ ಹರಿದು ಸಾವುಗಳಾಗುತ್ತಿದ್ದುದನ್ನು ಕಂಡು 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿದರು; ತುರ್ತು ವಾಹನಗಳಿಗೂ ಗೊತ್ತಾದ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಸೀಗೂರಿನ ಆನೆದಾರಿಯನ್ನು ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಎತ್ತಿಹಿಡಿಯಿತು. ಈ ಕಾರಣದಿಂದ ಮೈಸೂರಿನ ಕಡೆಯ ದಾರಿಯನ್ನು ಅಗಲಿಸುವ ಮಾತೇ ಏಳಲಾರದು, ಏಳಲೂಬಾರದು.

ಕೊನೆಗೆ ವಿಷಯವು ಮದರಾಸಿನ ಉಚ್ಚನ್ಯಾಯಾಲಯದ ಮುಂದೆ ಬಂದಿತು. ಸೀಸನ್ನಿನಲ್ಲಿ ದಿನವೊಂದಕ್ಕೆ ಸುಮಾರು 20,000 ವಾಹನಗಳು ನೀಲಗಿರಿಯನ್ನು ಹೊಗುತ್ತವೆಂಬ ಲೆಕ್ಕವನ್ನು ಕೇಳಿದ ನ್ಯಾಯಾಧೀಶರು, 2024ರ ಮೇ 7ರಿಂದ ಹೊರಗಿನ ವಾಹನಗಳು ಮುಂಗಡವಾಗಿ ರಹದಾರಿಯನ್ನು ಪಡೆದೇ ಬರಬೇಕೆಂದು ವಿಧಿಸಿದರು. ಮೊದಲು ಎಣಿಕೆ ಮಾತ್ರವಿದ್ದಿತು, ಮಿತಿಯಿರಲಿಲ್ಲ. 2025ರ ಏಪ್ರಿಲಿನಿಂದ ಜೂನಿನವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನೂ ಹಾಕಿದರು. ಬೆಟ್ಟವು ಎಷ್ಟನ್ನು ಧರಿಸಬಲ್ಲುದೆಂಬ ಅಧ್ಯಯನಕ್ಕೆ ಮದರಾಸಿನ ಐ.ಐ.ಟಿ.ಯನ್ನೂ ಬೆಂಗಳೂರಿನ ಐ.ಐ.ಎಂ. ಸಂಸ್ಥೆಯನ್ನೂ ಕೂಡಿಸಿದರು. ವ್ಯಾಪಾರಕ್ಕೆ ಕುಂದು ಬರುವುದೆಂದು ಅಲ್ಲಿಯ ವರ್ತಕರು ಏಪ್ರಿಲಿನಲ್ಲಿ ಅಂಗಡಿಗಳನ್ನು ಮುಚ್ಚಿ ವಿರೋಧವನ್ನು ತೋರಿಸಿದರು. ವರ್ಷದ ಗಳಿಕೆಯನ್ನು ಎರಡು ತಿಂಗಳಲ್ಲಿ ಸಂಪಾದಿಸಬೇಕಾದವರ ಅಳಲನ್ನು ಹಗುರವಾಗಿ ಎಣಿಸಲಾಗದು.

ಸಂಸ್ಕೃತದ ಶಾಸ್ತ್ರಕಾರರು ಘಟ್ಟಕುಟೀಪ್ರಭಾತನ್ಯಾಯವೆಂದು ಒಂದು ದೃಷ್ಟಾಂತವನ್ನು ಹೇಳುವರು. ಸುಂಕವನ್ನು ತಪ್ಪಿಸಬೇಕೆಂದು ವರ್ತಕನೊಬ್ಬನು ರಾತ್ರಿಯಲ್ಲಿ ಅಡ್ಡದಾರಿಗಳನ್ನು ಹಿಡಿದು ಅಲೆದು ಅಲೆದು ಬೆಳಗಾಗುವ ಹೊತ್ತಿಗೆ ಸುಂಕದ ಕಟ್ಟೆಯ ಮುಂದೆಯೇ ಬಂದು ನಿಂತನಂತೆ. ನೀಲಗಿರಿಯ ದಾರಿಗಳ ಕಥೆಯೂ ಇದೇ. ಕೋಟಗಿರಿಯ ದಾರಿ ಸಾಲದೆಂದು ಕುನ್ನೂರಿನದು, ಅದು ಸಾಲದೆಂದು ರೈಲು, ರೈಲು ಸಾಲದೆಂದು ಮೋಟಾರು, ಹೀಗೆ ಇನ್ನೂರು ವರ್ಷಗಳ ಕಾಲ ಬೆಟ್ಟದ ಮಿತಿಯನ್ನು ತಪ್ಪಿಸಿಕೊಂಡು ತಿರುಗಿ, ಇಂದು ಬೆಳಕು ಹರಿದಾಗ ಕಂಡುದು ಅದೇ ಕಟ್ಟೆ. ಹಿಂದೆ ಕಾಲಿನ ಕಸುವು ವಿಧಿಸುತ್ತಿದ್ದ ಮಿತಿಯನ್ನು ಈಗ ನ್ಯಾಯಾಲಯವು ವಿಧಿಸಬೇಕಾಗಿದೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಮಿತಿಯನ್ನಿಟ್ಟರೆ ಬೆಟ್ಟವು ಮತ್ತೆ ಹಳೆಯ ದೊರೆಗಳ ಕಾಲದಂತೆ ಉಳ್ಳವರ ಸೊತ್ತಾಗದೇ ಎಂಬುದು ಆ ಆಕ್ಷೇಪ. ರಹದಾರಿಗೆ ಹಣ ತೆರಬೇಕಾಗಿದ್ದರೆ ಹಾಗೆ ಆದೀತು. ಆದರೆ ಅದನ್ನು ಉಚಿತವಾಗಿಯೇ ಕೊಡುತ್ತ ಬಂದಿದ್ದಾರೆ. ಅದಕ್ಕಿಂತ ಮುಖ್ಯವಾದುದೆಂದರೆ, ಸರಕಾರಿ ಬಸ್ಸನ್ನೂ ರೈಲನ್ನೂ ಈ ಮಿತಿಯಿಂದ ಹೊರಗಿಟ್ಟಿದ್ದಾರೆ. ಲೆಕ್ಕಹಾಕಿ ನೋಡಬಹುದು. 6,000 ಕಾರುಗಳಲ್ಲಿ ನಾಲ್ವರಂತೆ ಬರುವವರು 24,000 ಜನ. ಅಷ್ಟೇ ಜನ ಬಸ್ಸಿನಲ್ಲಿ ನಲವತ್ತರಂತೆ ಬಂದರೆ 600 ಬಸ್ಸುಗಳು ಸಾಕು. ನ್ಯಾಯಾಲಯವು ಎಣಿಸಿದುದು ವಾಹನಗಳನ್ನು. ಬಸ್ಸನ್ನೇರುವ ಬಡವನ ದಾರಿಗೆ ಅಡ್ಡಿಯಾದುದೇನೂ ಇಲ್ಲ. ಕಾರುಗಳ ಸಾಲು ಕರಗಿದರೆ ಬಸ್ಸಿಗೆ ದಾರಿ ಸಿಗುವುದು. ದಾರಿ ಸಿಕ್ಕರೆ ಅದೇ ಬಸ್ಸು ದಿನಕ್ಕೆ ಹೆಚ್ಚು ಸಲ ಏರಿ ಇಳಿಯುವುದು. ಹಾಗಾದಾಗ ಇರುವ ಬಸ್ಸುಗಳೇ ಹೆಚ್ಚು ಜನಕ್ಕೆ ಒದಗುವುವು. ಮೇಲೆ ಹೇಳಿದ ಅಡ್ಡಿಗಳಲ್ಲಿ ಮೊದಲನೆಯದು ಇದರಿಂದ ಬಹುಮಟ್ಟಿಗೆ ನೀಗುವುದು. ಉಳಿದೆರಡಕ್ಕೆ ಸಾರಿಗೆಯವರ ಪ್ರಯತ್ನವೂ ಸರಕಾರದ ಹಣವೂ ಬೇಕು.

ಆದುದರಿಂದ ಸಾರ್ವಜನಿಕ ಸಾರಿಗೆಯು ಸೋತಿತೆಂದು ನಿರ್ಣಯಿಸುವುದು ಆತುರವಾದೀತು. ರೈಲಿನ ಮಿತಿಯು ಅದರ ಹಲ್ಲಿನ ಪಟ್ಟಿಯಲ್ಲಿಯೇ ಇದೆ. ಅದನ್ನು ಯಾರೂ ನೀಗಲಾರರು. ಬಸ್ಸಿನ ಮಿತಿಯು ಅದರ ಮುಂದೆ ನಿಂತಿರುವ ಕಾರಿನಲ್ಲಿದೆ. ಅದನ್ನು ನೀಗುವುದು ಜನರ ಕೈಯಲ್ಲಿದೆ. ಮೈಸೂರು ಬೆಂಗಳೂರುಗಳ ಕುಟುಂಬಗಳು ಬೇಸಗೆಯಲ್ಲಿಯೂ ದಸರೆಯಲ್ಲಿಯೂ ಈ ಸಾಲಿನ ಗಣನೀಯ ಭಾಗವಾಗಿರುವುದರಿಂದ ಈ ಮಾತು ಕನ್ನಡಿಗರಿಗೂ ಅನ್ವಯಿಸುವುದು. ಕಾರನ್ನು ಮೈಸೂರಿನಲ್ಲಿಯೇ ನಿಲ್ಲಿಸಿ ಬಸ್ಸನ್ನೇರಿದವನು ದೊಡ್ಡಬೆಟ್ಟದ ಗಾಳಿಯಲ್ಲಿ ತನ್ನ ಪಾಲನ್ನು ಎಳ್ಳಷ್ಟೂ ಕಳೆದುಕೊಳ್ಳುವುದಿಲ್ಲ. ಬಡಗರ ಹಟ್ಟಿಯಿಂದ ಆಸ್ಪತ್ರೆಗೆ ಹೊರಟ ಗಾಡಿಗೆ ಅಷ್ಟು ಜಾಗವನ್ನು ಬಿಟ್ಟುಕೊಟ್ಟವನಾಗುವನು.